ಅಮೆರಿಕದ ದಂತ ಕಾಲೇಜಿಗೆ ಅರ್ಜಿ: ಯಾವ ಸ್ನಾತಕೋತ್ತರ ಪದವಿ ಓದಬೇಕು, ಯಾವಾಗ ಓದಲೇಬಾರದು

ಪ್ರತಿ ವರ್ಷ ಫೆಬ್ರುವರಿ ಬಂತೆಂದರೆ ನನ್ನ ಮೊಬೈಲ್‌ಗೆ ದಾವಣಗೆರೆ, ರಾಣೆಬೆನ್ನೂರು, ಹುಬ್ಬಳ್ಳಿ ಕಡೆಯಿಂದ, ಅಮೆರಿಕದಲ್ಲಿ ದಂತವೈದ್ಯರಾಗಬೇಕೆನ್ನುವವರ ಕರೆಗಳು ಶುರುವಾಗುತ್ತವೆ. ಅಲ್ಲಿ ಸಂಜೆಯ ಹೊತ್ತು. ಇಲ್ಲಿ ಮಿಷಿಗನ್‌ನಲ್ಲಿ ನಾನಿನ್ನೂ ಕಾಫಿ ಸೋಸುತ್ತಿರುತ್ತೇನೆ. ಈ ಸಲ ಮೊದಲು ಕರೆ ಮಾಡಿದವಳು ರಾಣೆಬೆನ್ನೂರಿನ ಹುಡುಗಿ. ಬಿಡಿಎಸ್ ಮುಗಿಸಿ ಎರಡು ವರ್ಷವಾಗಿದೆ. "ಅಕ್ಕ, ಮೂರು ಕಡೆ ಎಂಪಿಎಚ್ ಸೀಟು ಸಿಕ್ಕಿದೆ. ಯಾವುದಕ್ಕೆ ಹಣ ಕಟ್ಟಲಿ?" ಎಂದು ಕೇಳಿದಳು. ಎಂಪಿಎಚ್ ಎಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. "ಎಂಪಿಎಚ್ ಯಾಕಮ್ಮಾ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಎಲ್ಲರೂ ಅದನ್ನೇ ಮಾಡುತ್ತಾರಲ್ಲ ಅಕ್ಕ" ಎಂದಳು.

ಈ ಉತ್ತರಕ್ಕೆ ನಾನು ಬೈಯಲಾರೆ. 2010ರಲ್ಲಿ ನಾನು ಇಷ್ಟು ಉತ್ತರವನ್ನೂ ಕೊಡಲಾರದೆ ಒಂದು ಪದವಿಗೆ ಸೇರಿಕೊಂಡವಳು. ಆ ಕಥೆ ಆಮೇಲೆ ಹೇಳುತ್ತೇನೆ. ಈ ದಾರಿಗೆ ಹೊಸಬರಾದವರಿಗೆ ಮೊದಲು ಇಲ್ಲಿನ ಕಟ್ಟುಪಾಡು ತಿಳಿದಿರಲಿ.

ಬಿಡಿಎಸ್ ಒಂದನ್ನೇ ಹಿಡಿದು ಅಮೆರಿಕದಲ್ಲಿ ರೋಗಿಯ ಹಲ್ಲು ಮುಟ್ಟುವಂತಿಲ್ಲ. ಇಲ್ಲಿನ ಮಾನ್ಯತಾ ಮಂಡಳಿಯಾದ ‘ಕೋಡಾ’ ಒಪ್ಪಿದ ಕಾಲೇಜಿನಿಂದ ಡಿಡಿಎಸ್ ಅಥವಾ ಡಿಎಂಡಿ ಪಡೆಯುವುದು ಹೆಚ್ಚಿನವರು ಹಿಡಿಯುವ ದಾರಿ. ಹೆಸರು ಎರಡಾದರೂ ಪದವಿ ಒಂದೇ. ಹೊರದೇಶದ ದಂತವೈದ್ಯರಿಗೆ ನಾಲ್ಕು ವರ್ಷದ ಬದಲು ಎರಡರಿಂದ ಮೂರು ವರ್ಷದ ‘ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್’ ಕೋರ್ಸ್ ಇರುತ್ತದೆ. ಬಹುತೇಕ ಕಾಲೇಜುಗಳಿಗೆ ‘ಕ್ಯಾಪಿಡ್’ ಎಂಬ ಒಂದೇ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಅದಕ್ಕೆ ಐಎನ್‌ಬಿಡಿಇ ಎಂಬ ಇಲ್ಲಿನ ರಾಷ್ಟ್ರೀಯ ದಂತ ಬೋರ್ಡ್ ಪರೀಕ್ಷೆಯ ಫಲಿತಾಂಶ, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ, ನಮ್ಮ ಅಂಕಪಟ್ಟಿಗಳನ್ನು ಅಮೆರಿಕದ ಲೆಕ್ಕಕ್ಕೆ ಪರಿವರ್ತಿಸಿದ ಇಸಿಇ ಸಂಸ್ಥೆಯ ವರದಿ, ಶಿಫಾರಸು ಪತ್ರಗಳು, ಒಂದು ಸ್ವಪರಿಚಯ ಪ್ರಬಂಧ ಬೇಕು. ಇಷ್ಟೆಲ್ಲ ದಾಟಿದವರನ್ನು ಸಂದರ್ಶನಕ್ಕೂ ಬೆಂಚ್ ಟೆಸ್ಟ್‌ಗೂ ಕರೆಯುತ್ತಾರೆ. ಬೆಂಚ್ ಟೆಸ್ಟ್ ಎಂದರೆ ಪ್ಲಾಸ್ಟಿಕ್ ಹಲ್ಲಿನ ಟೈಪೊಡಾಂಟ್ ಮೇಲೆ, ಗಡಿಯಾರದ ಎದುರು, ಕ್ಯಾವಿಟಿಯನ್ನೋ ಕ್ರೌನ್ ಪ್ರೆಪರೇಶನ್ ಅನ್ನೋ ಕೊರೆದು ತೋರಿಸುವ ಪರೀಕ್ಷೆ.

ಸೀಟು ಕಡಿಮೆ, ಅರ್ಜಿ ಹೆಚ್ಚು. ಹಾಗಾಗಿ ನಡುವೆ ಒಂದು ಸ್ನಾತಕೋತ್ತರ ಪದವಿ ಮಾಡಿದರೆ ಅರ್ಜಿಗೆ ತೂಕ ಬರುತ್ತದೆ ಎಂಬ ಮಾತು ಹುಟ್ಟಿಕೊಂಡಿದೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಾವ ಪದವಿ, ಯಾರ ಅರ್ಜಿಗೆ ಎಂಬುದನ್ನು ಬಿಟ್ಟು ಹೇಳಿದರೆ ಅದಕ್ಕೆ ಅರ್ಥವಿಲ್ಲ.

ನನ್ನ ಕಥೆ ಹೀಗಿದೆ. ದಾವಣಗೆರೆಯಲ್ಲಿ ಬಿಡಿಎಸ್ ಓದಿ, ಚಿತ್ರದುರ್ಗದಲ್ಲಿ ಮೂರು ವರ್ಷ ಒಬ್ಬ ಹಿರಿಯ ವೈದ್ಯರ ಕ್ಲಿನಿಕ್‌ನಲ್ಲಿ ಕೆಲಸ ಮಾಡಿ, ಮದುವೆಯಾಗಿ 2009ರಲ್ಲಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಇಲ್ಲಿಗೆ ಬಂದೆ. ಆ ವೀಸಾದಲ್ಲಿ ಓದಬಹುದಿತ್ತು, ಕೆಲಸ ಮಾಡುವಂತಿರಲಿಲ್ಲ. ಮನೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿದ್ದ ವಿಶ್ವವಿದ್ಯಾಲಯದಲ್ಲಿ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ ಇತ್ತು. ಸೀಟು ಸುಲಭವಾಗಿ ಸಿಕ್ಕಿತು. ಸೇರಿಕೊಂಡೆ. ಎರಡು ವರ್ಷ ಬಜೆಟ್, ವಿಮೆ, ಸಿಬ್ಬಂದಿ ನಿರ್ವಹಣೆ ಓದಿದೆ. ಅಂಕಗಳೂ ಚೆನ್ನಾಗಿಯೇ ಬಂದವು. 34,000 ಡಾಲರ್ ಖರ್ಚಾಯಿತು.

2012ರಲ್ಲಿ ಹನ್ನೊಂದು ಕಾಲೇಜುಗಳಿಗೆ ಅರ್ಜಿ ಹಾಕಿದೆ. ಕರೆದದ್ದು ಒಂದೇ ಕಾಲೇಜು. ಸಂದರ್ಶನದಲ್ಲಿ ವಯಸ್ಸಾದ ಪ್ರಾಧ್ಯಾಪಕಿಯೊಬ್ಬರು ನನ್ನ ಪದವಿಯ ಸಾಲಿನ ಮೇಲೆ ಬೆರಳಿಟ್ಟು, "ಈ ಎರಡು ವರ್ಷದಲ್ಲಿ ಹಲ್ಲಿನ ಬಗ್ಗೆ ನೀವು ಹೊಸದಾಗಿ ಯೋಚಿಸಿದ್ದು ಏನು?" ಎಂದು ಕೇಳಿದರು. ಆಕೆಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಕುತೂಹಲವಿತ್ತು. ನನ್ನ ಬಳಿ ಉತ್ತರವಿರಲಿಲ್ಲ.

ಮಧ್ಯಾಹ್ನ ಬೆಂಚ್ ಟೆಸ್ಟ್. 14ನೇ ಹಲ್ಲಿನ ಮೇಲೆ ಕ್ಲಾಸ್ ಟು ಕ್ಯಾವಿಟಿ, ಅಂದರೆ ಪಕ್ಕದ ಹಲ್ಲಿಗೆ ತಾಗುವ ಬದಿಯನ್ನೂ ಸೇರಿಸಿ ಕೊರೆಯುವ ಕುಳಿ, ಮಾಡಿ ಎಂದು ಚೀಟಿಯಲ್ಲಿತ್ತು. ಕರ್ನಾಟಕದಲ್ಲಿ ನಾವು ಕಲಿಯುವುದು ಎರಡಂಕಿಯ ಎಫ್‌ಡಿಐ ಪದ್ಧತಿ. ಅದರಲ್ಲಿ 14 ಎಂದರೆ ಮೇಲ್ದವಡೆಯ ಬಲಭಾಗದ ಮೊದಲ ಪ್ರಿಮೋಲಾರ್, ಅಂದರೆ ಕೋರೆಹಲ್ಲಿನ ಹಿಂದಿನ ಹಲ್ಲು. ಅಮೆರಿಕದವರು 1ರಿಂದ 32ರವರೆಗೆ ಸಾಲಾಗಿ ಎಣಿಸುತ್ತಾರೆ. ಇಲ್ಲಿನ 14 ಎಂದರೆ ಮೇಲ್ದವಡೆಯ ಎಡಭಾಗದ ಮೊದಲ ದವಡೆಹಲ್ಲು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬೋರ್ಡ್ ಪರೀಕ್ಷೆಯನ್ನು ಇದೇ ಎಣಿಕೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಮೂರು ವರ್ಷದಿಂದ ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಹಿಡಿಯದ ಕೈ ಗಾಬರಿಯಲ್ಲಿ ಚಿತ್ರದುರ್ಗಕ್ಕೇ ಓಡಿತು. ಬಲಗಡೆಯ ಪ್ರಿಮೋಲಾರ್ ಅನ್ನು ಚೆಂದವಾಗಿ ಕೊರೆದಿಟ್ಟೆ. ಪಕ್ಕದ ಹಲ್ಲಿಗೆ ಬರ್ ತಾಗಿದ ಗೆರೆಯೂ ಇತ್ತೆನ್ನಿ. ಹಲ್ಲೇ ತಪ್ಪಾದ ಮೇಲೆ ಆ ಗೆರೆಯ ಲೆಕ್ಕ ಯಾರಿಗೆ ಬೇಕು!

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನನ್ನ ಬಳಿ ಪದವಿ ಎಂಬ ಕಡಲೆ ಇತ್ತು, ತೋರಿಸಬೇಕಾದ ಹಲ್ಲೇ ಇರಲಿಲ್ಲ.

ಮೊದಲು ಎಕ್ಸ್‌ರೇ

ರೋಗಿ ಬಂದು ಬಾಯಿ ತೆರೆದ ಕೂಡಲೇ ನಾವು ಫಿಲ್ಲಿಂಗ್ ಹಾಕುತ್ತೇವೆಯೇ? ಪ್ರೋಬ್ ಆಡಿಸಿ, ಎಕ್ಸ್‌ರೇ ತೆಗೆದು, ಹುಳುಕು ಎಲ್ಲಿದೆ, ಎಷ್ಟು ಆಳಕ್ಕಿದೆ ಎಂದು ನೋಡುತ್ತೇವೆ. ನಿಮ್ಮ ಅರ್ಜಿಗೂ ಅದನ್ನೇ ಮಾಡಿ. ಒಂದು ಹಾಳೆಯಲ್ಲಿ ಐದು ಸಾಲು ಬರೆಯಿರಿ: ಬಿಡಿಎಸ್ ಅಂಕ, ಕೈಕೆಲಸ ಬಿಟ್ಟು ಎಷ್ಟು ತಿಂಗಳಾಯಿತು, ಅಮೆರಿಕದಲ್ಲಿ ನಿಮ್ಮ ಬಗ್ಗೆ ಪತ್ರ ಬರೆಯಬಲ್ಲವರು ಯಾರು, ಇಂಗ್ಲಿಷ್‌ನಲ್ಲಿ ಹತ್ತು ನಿಮಿಷ ತಡವರಿಸದೆ ಮಾತಾಡಬಲ್ಲಿರಾ, ವೀಸಾ ಯಾವುದು. ಪ್ರತಿ ಸಾಲಿನ ಮುಂದೆ ನಾಚಿಕೆಯಿಲ್ಲದೆ ನಿಜ ಬರೆಯಿರಿ. ಯಾವ ಸಾಲು ಓದುವಾಗ ಹೊಟ್ಟೆಯಲ್ಲಿ ತಳಮಳವಾಗುತ್ತದೋ ಅಲ್ಲೇ ಹುಳುಕಿದೆ. ಪದವಿ ಆ ಜಾಗಕ್ಕೆ ಮದ್ದಾಗುತ್ತದೆಯೇ ಎಂಬುದೊಂದೇ ಪ್ರಶ್ನೆ.

ನನ್ನ ಹಾಳೆಯಲ್ಲಿ ಅಂಕದ ಸಾಲು ಸರಿಯಾಗಿತ್ತು. ಹುಳುಕಿದ್ದದ್ದು ಕೈಯ ಸಾಲಿನಲ್ಲಿ, ಪತ್ರದ ಸಾಲಿನಲ್ಲಿ. ನಾನು ಮಾಡಿದ ಪದವಿ ಸರಿಯಾಗಿದ್ದ ಸಾಲಿಗೇ ಇನ್ನಷ್ಟು ಅಂಕ ಸೇರಿಸಿತು.

ಅಂಕದಲ್ಲಿ ಹುಳುಕಿದ್ದರೆ

ಮೊದಲ ವರ್ಷ ಅಂಗರಚನೆಯಲ್ಲೋ ಜೀವರಸಾಯನದಲ್ಲೋ ಒಮ್ಮೆ ಫೇಲಾಗಿ ಮರುಪರೀಕ್ಷೆ ಬರೆದವರು ನಮ್ಮಲ್ಲಿ ಬೇಕಾದಷ್ಟು ಜನ. ಐವತ್ತು ಬಂದರೆ ಪಾಸು ಎಂಬ ನಮ್ಮ ಲೆಕ್ಕವೂ ಐವತ್ತೈದು ಬಂದವನ ಹೆಮ್ಮೆಯೂ ಇಲ್ಲಿನವರಿಗೆ ಅರ್ಥವಾಗುವುದಿಲ್ಲ. ಇಸಿಇ ವರದಿ ಒಂದು ಮಟ್ಟಕ್ಕೆ ಸಹಾಯ ಮಾಡುತ್ತದೆ. ಆದರೆ ಅಲ್ಲಿ ಬಂದ ಅಂಕ ಶಾಶ್ವತ; ಇನ್ನು ಯಾವ ಪದವಿಯೂ ಅದನ್ನು ಮೇಲಕ್ಕೆತ್ತಲಾರದು. ಸ್ನಾತಕೋತ್ತರ ಪದವಿ ಮಾಡುವುದು ಹಳೆಯ ಅಂಕಪಟ್ಟಿಯ ಪಕ್ಕದಲ್ಲಿ ಹೊಸದೊಂದನ್ನು ಇಡುವ ಕೆಲಸವನ್ನಷ್ಟೇ. "ಹದಿನೆಂಟನೇ ವಯಸ್ಸಿನಲ್ಲಿ ಎಡವಿದ್ದೆ, ಇಪ್ಪತ್ತಾರರಲ್ಲಿ ಇದೇ ಬಗೆಯ ವಿಷಯವನ್ನು ನಿಮ್ಮದೇ ವಿದ್ಯಾರ್ಥಿಗಳ ಜೊತೆ ಕೂತು ಓದಿ ಗೆದ್ದಿದ್ದೇನೆ" ಎಂದು ಅದು ಹೇಳಬೇಕು.

ಹಾಗೆ ಹೇಳಬೇಕಾದರೆ ಪದವಿಯಲ್ಲಿ ವಿಜ್ಞಾನವಿರಬೇಕು. ಓರಲ್ ಬಯಾಲಜಿ, ಓರಲ್ ಸೈನ್ಸಸ್, ಬಯೋಮೆಡಿಕಲ್ ಸೈನ್ಸಸ್‌ನಂಥ ಎಂಎಸ್ ಪದವಿಗಳು ಇದಕ್ಕೆ ಸರಿ. ಹಿಸ್ಟಾಲಜಿ (ಅಂಗಾಂಶ ಶಾಸ್ತ್ರ), ಸೂಕ್ಷ್ಮಜೀವಿಶಾಸ್ತ್ರ, ರೋಗನಿರೋಧಕ ಶಾಸ್ತ್ರ ಇರುವ ಪಠ್ಯಪಟ್ಟಿ ಹುಡುಕಿ. ಆರೋಗ್ಯ ಸಂವಹನ, ನಾಯಕತ್ವ ಎಂಬ ಹೆಸರಿನ ಪೇಪರ್‌ಗಳಲ್ಲಿ ಎ ಗ್ರೇಡ್ ತಂದರೆ ಹಳೆಯ ಜೀವರಸಾಯನದ ಕಲೆ ಅಳಿಸದು. ಇನ್ನೊಂದು ಎಚ್ಚರ: ಇಲ್ಲಿನ ಸ್ನಾತಕೋತ್ತರ ತರಗತಿಗಳಲ್ಲಿ ಎ ಎಂಬುದು ಸಾಮಾನ್ಯ ಗ್ರೇಡ್. ಬಿ ಬಂದರೆ ನೋಡುವವರ ಹುಬ್ಬು ಮೇಲೇರುತ್ತದೆ, ಸರಾಸರಿ ನಾಲ್ಕಕ್ಕೆ 3.0ಕ್ಕಿಂತ ಕೆಳಗಿಳಿದರೆ ವಿಶ್ವವಿದ್ಯಾಲಯವೇ ಎಚ್ಚರಿಕೆ ಪತ್ರ ಕೊಡುತ್ತದೆ. ಕಷ್ಟದ ಪದವಿಯನ್ನು ಅರೆಮನಸ್ಸಿನಿಂದ ಓದಿದರೆ ನಿಮ್ಮ ಕೈಯಲ್ಲಿ ಒಂದರ ಬದಲು ಎರಡು ಕೆಟ್ಟ ಅಂಕಪಟ್ಟಿಗಳಿರುತ್ತವೆ. ಎರಡನೆಯದನ್ನು ಬಚ್ಚಿಡುವಂತೆಯೂ ಇಲ್ಲ. ಓದಿದ ಪ್ರತಿ ಕಾಲೇಜಿನ ಅಂಕಪಟ್ಟಿಯನ್ನೂ ಅರ್ಜಿಯಲ್ಲಿ ಕೊಡಲೇಬೇಕು.

ಪತ್ರ ಬರೆಯುವವರು ಇಲ್ಲದಿದ್ದರೆ

ನನ್ನ ಅನುಭವದಲ್ಲಿ ಅಮೆರಿಕದ ಸ್ನಾತಕೋತ್ತರ ಪದವಿಯ ನಿಜವಾದ ಲಾಭ ಇದೇ. ನಮ್ಮ ಕಾಲೇಜಿನ ಪ್ರಾಂಶುಪಾಲರು ಬರೆಯುವ "ಸನ್ನಡತೆಯ, ಶ್ರಮಜೀವಿ ವಿದ್ಯಾರ್ಥಿನಿ" ಎಂಬ ಪತ್ರದಲ್ಲಿ ಹೆಸರು ಬದಲಾಯಿಸಿದರೆ ಅದು ಇಡೀ ತರಗತಿಗೆ ಹೊಂದುತ್ತದೆ. ಆಯ್ಕೆ ಸಮಿತಿಯವರಿಗೂ ಅದು ಗೊತ್ತು. ಇಲ್ಲಿನ ದಂತ ಕಾಲೇಜಿನ ಪ್ರಾಧ್ಯಾಪಕರೊಬ್ಬರು, ನಿಮ್ಮ ಜೊತೆ ಒಂದು ವರ್ಷ ಪ್ರಯೋಗಾಲಯದಲ್ಲಿ ನಿಂತವರು, "ಈಕೆ ಮಾದರಿ ಹಾಳಾದಾಗ ನೆಪ ಹೇಳಲಿಲ್ಲ, ರಾತ್ರಿ ಕೂತು ಮತ್ತೆ ಮಾಡಿದಳು" ಎಂದು ಬರೆದರೆ ಅದರ ತೂಕವೇ ಬೇರೆ.

ಆದ್ದರಿಂದ ಪದವಿ ಎಲ್ಲಿ ನಡೆಯುತ್ತದೆ ಎಂಬುದನ್ನು ಅದರ ಹೆಸರಿಗಿಂತ ಮೊದಲು ನೋಡಿ. ದಂತ ಕಾಲೇಜಿನ ಕಟ್ಟಡದೊಳಗೆ ನಡೆಯುವ ಪದವಿಗೂ ವಿಶ್ವವಿದ್ಯಾಲಯದ ಇನ್ನೊಂದು ಮೂಲೆಯಲ್ಲಿ ನಡೆಯುವ ಪದವಿಗೂ ಅಜಗಜಾಂತರ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ದಂತ ಸಾಮಗ್ರಿಗಳ ಬಗ್ಗೆ, ಬಫಲೋದಲ್ಲಿ ಓರಲ್ ಸೈನ್ಸಸ್‌ನಲ್ಲಿ ಬಿಡಿಎಸ್ ಆದವರು ಓದಿದ್ದಾರೆ. ಕಾಂಪೋಸಿಟ್ ಎಷ್ಟು ಕುಗ್ಗುತ್ತದೆ, ಜಿರ್ಕೋನಿಯಾಕ್ಕೆ ಅಂಟು ಹೇಗೆ ಹಿಡಿಯುತ್ತದೆ ಎಂದು ಅಳೆಯುತ್ತ ಕೂರುವ ಕೆಲಸ ಎಲ್ಲರಿಗೂ ಹಿಡಿಸದು. ಹಿಡಿಸಿದವರಿಗೆ ಇನ್ನೊಂದು ಅನುಕೂಲವಿದೆ. ಸಂಶೋಧನಾ ಪ್ರಬಂಧ (ಥೀಸಿಸ್) ಬರೆಯುವ ಎಂಎಸ್‌ನಲ್ಲಿ ಸಂಶೋಧನಾ ಸಹಾಯಕರಾಗಿ ಶುಲ್ಕದ ವಿನಾಯಿತಿ ಸಿಗುವ ಸಾಧ್ಯತೆ ಇರುತ್ತದೆ. ಎಂಪಿಎಚ್‌ನಲ್ಲಿ ಅದು ಅಪರೂಪ.

ಎಂಪಿಎಚ್ ಯಾರಿಗೆ

ಇಷ್ಟು ಹೇಳಿದ್ದಕ್ಕೆ ನಾನು ಎಂಪಿಎಚ್ ವಿರೋಧಿ ಎಂದುಕೊಳ್ಳಬೇಡಿ. ನಾನು ಕಂಡ ಅತ್ಯುತ್ತಮ ಅರ್ಜಿಗಳಲ್ಲೊಂದು ಎಂಪಿಎಚ್ ಮಾಡಿದ ಹುಡುಗಿಯದೇ.

ಅವಳು ಜಗಳೂರು ತಾಲ್ಲೂಕಿನವಳು. ದಾವಣಗೆರೆ ಜಿಲ್ಲೆಯ ಆ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಊರಿಗೆಲ್ಲ ಗೊತ್ತು. ಅಲ್ಲಿನ ಮಕ್ಕಳ ಮುಂಬಲ್ಲಿನ ಮೇಲಿನ ಕಂದು ಪಟ್ಟೆ ನೋಡಿಯೇ ನಾವು ಕಾಲೇಜಿನ ಒಪಿಡಿಯಲ್ಲಿ ಊರು ಹೇಳುತ್ತಿದ್ದೆವು. ಈ ಹುಡುಗಿ ತನ್ನ ಸ್ವಪರಿಚಯ ಪ್ರಬಂಧದ ಕರಡನ್ನು ನನಗೆ ಕಳಿಸಿದಾಗ ಅದರಲ್ಲಿ ಚಿಕ್ಕಂದಿನಿಂದ ದಂತವೈದ್ಯೆಯಾಗುವ ಕನಸು, ಸೇವಾಮನೋಭಾವ, ಅಜ್ಜಿಯ ದಂತಪಂಕ್ತಿ ಎಲ್ಲವೂ ಇದ್ದವು. ಜಗಳೂರು ಮಾತ್ರ ಇರಲಿಲ್ಲ. ಫೋನಿನಲ್ಲಿ "ನಿನ್ನ ಹಲ್ಲಿನ ಮೇಲೆ ಪಟ್ಟೆ ಇದೆಯೇನಮ್ಮಾ?" ಎಂದು ಕೇಳಿದೆ. ಇದೆ ಎಂದಳು. ತಮ್ಮನಿಗೆ ಇನ್ನೂ ಹೆಚ್ಚು, ಅವನು ಫೋಟೊಗಳಲ್ಲಿ ಬಾಯಿ ಮುಚ್ಚಿಯೇ ನಗುತ್ತಾನೆ ಎಂದಳು.

ನಾನಿರುವ ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಇದೆ. 1945ರ ಜನವರಿಯಲ್ಲಿ, ಹುಳುಕು ತಡೆಯಲೆಂದು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಿದ ಜಗತ್ತಿನ ಮೊದಲ ನಗರ ಅದು. ಇಂದು ಅಮೆರಿಕದಲ್ಲಿ ಶಿಫಾರಸಾದ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮೇಲಿನ ಗೆರೆ 1.5. ಜಗಳೂರಿನ ಹಲವು ಕೊಳವೆಬಾವಿಗಳು ಆ ಗೆರೆಯನ್ನೂ ದಾಟುತ್ತವೆ. ಒಂದು ಊರಿನಲ್ಲಿ ಸರಕಾರ ನೀರಿಗೆ ಸುರಿಯುವುದನ್ನು ಇನ್ನೊಂದು ಊರಿನಲ್ಲಿ ನೀರಿನಿಂದ ತೆಗೆಯಲು ಯಂತ್ರ ಕೂರಿಸುತ್ತಾರೆ. 2025ರಲ್ಲಿ ಯೂಟಾ ಮತ್ತು ಫ್ಲಾರಿಡಾ ರಾಜ್ಯಗಳು ಫ್ಲೋರೈಡ್ ಬೆರೆಸುವುದನ್ನೇ ನಿಷೇಧಿಸಿದವು. ಈ ಜಗಳ ಇಲ್ಲಿ ದಿನಪತ್ರಿಕೆಯ ಸುದ್ದಿ. ಈ ಹುಡುಗಿಗೆ ಆ ಪ್ರಶ್ನೆ ತನ್ನ ಬಾಯಲ್ಲೇ ಇತ್ತು! ಅವಳಿಗೆ ಎಂಪಿಎಚ್ ಬೇಕಿತ್ತು. ರೋಗ ಯಾರಲ್ಲಿ, ಎಲ್ಲಿ, ಏಕೆ ಹೆಚ್ಚು ಎಂದು ಅಧ್ಯಯನ ಮಾಡುವ ಎಪಿಡೆಮಿಯಾಲಜಿ ವಿಭಾಗ ಆರಿಸಿಕೊಂಡಳು, ಪ್ರ್ಯಾಕ್ಟಿಕಂ ಎಂಬ ಪ್ರಾಯೋಗಿಕ ತರಬೇತಿಯನ್ನು ಮಕ್ಕಳ ಹಲ್ಲು ತಪಾಸಣೆಯ ಸಮೀಕ್ಷೆಯೊಂದರಲ್ಲಿ ಮಾಡಿದಳು. ಸಂದರ್ಶನದಲ್ಲಿ ನನಗೆ ಕೇಳಿದ್ದ ಆ ಪ್ರಶ್ನೆ ಅವಳಿಗೂ ಬಂದಿತಂತೆ. ಅವಳು ಮಾತು ನಿಲ್ಲಿಸಲಿಲ್ಲವಂತೆ.

ನಿಮಗೆ ಇಂಥ ಪ್ರಶ್ನೆಯೊಂದು ಇದೆಯೇ ನೋಡಿಕೊಳ್ಳಿ. ಅದು ದೊಡ್ಡದೇ ಆಗಬೇಕಿಲ್ಲ. ಪಾವಗಡದ ನೀರು, ಹುಬ್ಬಳ್ಳಿಯ ಗುಟ್ಕಾ, ಬೀಡಿ ಕಟ್ಟುವವರ ವಸಡು, ಯಾವುದೂ ಆದೀತು. ಇಲ್ಲವೆಂದಾದರೆ ಎಂಪಿಎಚ್ ನಿಮ್ಮ ಪಾಲಿಗೆ ನನ್ನ ಆಸ್ಪತ್ರೆ ಆಡಳಿತವಾಗುತ್ತದೆ.

ಸೇರುವವರು ಗಮನಿಸಬೇಕಾದ ಮೂರು ವಿಷಯಗಳಿವೆ. ಕೋರ್ಸ್‌ಗೆ ಸಾರ್ವಜನಿಕ ಆರೋಗ್ಯ ಶಿಕ್ಷಣದ ‘ಸೆಫ್’ ಮಂಡಳಿಯ ಮಾನ್ಯತೆ ಇರಬೇಕು. ಅಂಥ ಎಂಪಿಎಚ್‌ಗೆ ಕನಿಷ್ಠ 42 ಕ್ರೆಡಿಟ್ ಇರುತ್ತದೆ. ಎರಡನೆಯದು, ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಓದಿನ ನಂತರ ಹನ್ನೆರಡು ತಿಂಗಳು ಕೆಲಸ ಮಾಡಲು ಬಿಡುವ ಒಪಿಟಿ ಸೌಲಭ್ಯವಿದೆ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಪದವಿಗಳಿಗೆ ಇನ್ನೂ 24 ತಿಂಗಳು ಸೇರುತ್ತದೆ. ಸಾಮಾನ್ಯ ಎಂಪಿಎಚ್‌ನ ಸಂಕೇತಸಂಖ್ಯೆ 51.2201 ಆ ಪಟ್ಟಿಯಲ್ಲಿಲ್ಲ, ಎಪಿಡೆಮಿಯಾಲಜಿಯ 26.1309 ಇದೆ. ಪದವಿಯ ಹೆಸರು ನೋಡಿ ಮೋಸಹೋಗದೆ ಈ ಸಂಖ್ಯೆಯನ್ನೇ ಕೇಳಿ ಬರೆದುಕೊಳ್ಳಿ. ಮೂರನೆಯದು, ಒಪಿಟಿಯಲ್ಲಿ ಮಾಡುವ ಕೆಲಸ ಓದಿದ ವಿಷಯಕ್ಕೆ ನೇರವಾಗಿ ಸಂಬಂಧಿಸಿರಬೇಕು. ಎಂಪಿಎಚ್ ಮುಗಿಸಿ ಆ ಹನ್ನೆರಡು ತಿಂಗಳು ಡೆಂಟಲ್ ಅಸಿಸ್ಟೆಂಟ್ ಆಗಿ ದುಡಿಯುತ್ತೇನೆ ಎಂದು ಲೆಕ್ಕ ಹಾಕಿದವರ ಲೆಕ್ಕ ಇಲ್ಲೇ ಕೆಡುತ್ತದೆ.

ಪದವಿ ಬೇಡವೇ ಬೇಡ ಎನ್ನಬೇಕಾದವರು

ಅಂಕ ಚೆನ್ನಾಗಿದ್ದು, ಐಎನ್‌ಬಿಡಿಇ ಪಾಸಾಗಿದ್ದು, ಕೈ ಮಾತ್ರ ತುಕ್ಕು ಹಿಡಿದವರು ಇನ್ನೊಂದು ಪದವಿಯ ತಂಟೆಗೆ ಹೋಗಬೇಡಿ. ಆ ಸೋಲಿನ ನಂತರ ನಾನು ಮಾಡಿದ್ದು ಇಷ್ಟೇ: ವಾರಕ್ಕೆ ಎರಡು ದಿನ ಒಂದು ಧರ್ಮಾರ್ಥ ದಂತ ಚಿಕಿತ್ಸಾಲಯದಲ್ಲಿ ಸಂಬಳವಿಲ್ಲದೆ ಉಪಕರಣ ತೊಳೆದೆ, ಹಿಂದಿ ಮಾತ್ರ ಬರುವ ವೃದ್ಧರಿಗೆ ದುಭಾಷಿಯಾದೆ, ವೈದ್ಯರ ಹಿಂದೆ ನಿಂತು ನೋಡಿದೆ. ಮನೆಯಲ್ಲಿ ಅಡುಗೆಕಟ್ಟೆಯ ಒಂದು ತುದಿಗೆ ಟೈಪೊಡಾಂಟ್ ಬಿಗಿದು, ಹಳೆಯದೊಂದು ಎಲೆಕ್ಟ್ರಿಕ್ ಹ್ಯಾಂಡ್‌ಪೀಸ್ ಕೊಂಡು, ಪ್ರತಿ ರಾತ್ರಿ ಮಗು ಮಲಗಿದ ಮೇಲೆ ಕೊರೆದೆ. ಒಂದೊಂದು ಪ್ಲಾಸ್ಟಿಕ್ ಹಲ್ಲಿನ ಬುಡದಲ್ಲೂ ಅಮೆರಿಕದ ಸಂಖ್ಯೆಯನ್ನು ಮಾರ್ಕರ್‌ನಲ್ಲಿ ಬರೆದಿದ್ದೆ. ಎರಡು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಹಲ್ಲು ಹಾಳು ಮಾಡಿದೆ. ಅತ್ತೆ ಊರಿನಿಂದ ಬಂದಾಗ, ಚಪಾತಿ ಹಿಟ್ಟಿನ ಡಬ್ಬಿಯ ಪಕ್ಕದ ದವಡೆ ನೋಡಿ ಹೌಹಾರಿದರು. ಎರಡನೇ ಸಲ ಸೀಟು ಸಿಕ್ಕಿದ್ದು ಆ ಚಿಕಿತ್ಸಾಲಯದ ವೈದ್ಯರ ಪತ್ರದಿಂದ, ಈ ಮುನ್ನೂರು ಹಲ್ಲುಗಳಿಂದ. ಸಂದರ್ಶನದಲ್ಲಿ ಆಸ್ಪತ್ರೆ ಆಡಳಿತದ ಪದವಿಯ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ.

ಪ್ರಿಸೆಪ್ಟರ್‌ಶಿಪ್ ಎಂಬ ಹೆಸರಿನಲ್ಲಿ ಹಲವು ದಂತ ಕಾಲೇಜುಗಳು ಕೆಲವು ತಿಂಗಳ ತರಬೇತಿ ಕೊಡುತ್ತವೆ. ಅದು ಪದವಿಯಲ್ಲ, ಪರವಾನಗಿಯನ್ನೂ ಕೊಡಿಸದು. ಆದರೆ ನೀವು ಕಾಲೇಜಿನ ಒಳಗಿರುತ್ತೀರಿ. ಹಣ ಕಟ್ಟುವ ಮೊದಲು ರೋಗಿಯನ್ನು ಮುಟ್ಟಲು ಬಿಡುತ್ತಾರೆಯೇ ಅಥವಾ ನೋಡುವುದು ಮಾತ್ರವೇ ಎಂದು ಬರಹದಲ್ಲಿ ಕೇಳಿ. ಇನ್ನು ಎಇಜಿಡಿ, ಜಿಪಿಆರ್ ಎಂಬ, ಸಾಮಾನ್ಯ ದಂತಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿ ಕೊಡುವ ಕೋಡಾ ಮಾನ್ಯತೆಯ ರೆಸಿಡೆನ್ಸಿಗಳಿವೆ. ನಮ್ಮಲ್ಲಿ ಎಂಡಿಎಸ್ ಎಂಬ ದಂತವೈದ್ಯಕೀಯ ಸ್ನಾತಕೋತ್ತರ ಪದವಿ ಮಾಡಿದವರು ಇಲ್ಲಿನ ವಿಶೇಷ ವಿಭಾಗಗಳ ರೆಸಿಡೆನ್ಸಿಗೂ ಪ್ರಯತ್ನಿಸಬಹುದು. ಡಿಡಿಎಸ್ ಇಲ್ಲದೆ ಕೋಡಾ ರೆಸಿಡೆನ್ಸಿಯ ಮೇಲೆಯೇ ಪರವಾನಗಿ ಕೊಡುವ ರಾಜ್ಯಗಳು ಕೆಲವಿವೆ, ಒಂದೊಂದರ ನಿಯಮ ಒಂದೊಂದು ಥರ. ನೀವು ಬದುಕಬೇಕೆಂದಿರುವ ರಾಜ್ಯದ ದಂತ ಮಂಡಳಿಯ ಜಾಲತಾಣವನ್ನು ನೀವೇ ಓದಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ನಂಬಿ ಸೈಟು ಅಡವಿಡಬೇಡಿ.

ಇಲ್ಲೇ ಹುಟ್ಟಿದ ಮಕ್ಕಳ ವಿಷಯ

ಕನ್ನಡ ಕೂಟದ ಯುಗಾದಿ ಊಟದಲ್ಲಿ ತಂದೆತಾಯಂದಿರು ಬೇರೊಂದು ಪ್ರಶ್ನೆ ಕೇಳುತ್ತಾರೆ: ಮಗ ಇಲ್ಲೇ ಬಿಎಸ್ ಮುಗಿಸಿದ್ದಾನೆ, ಅಂಕ ಕಡಿಮೆ, ಡೆಂಟಲ್ ಸೀಟಿಗೆ ಮುನ್ನ ಮಾಸ್ಟರ್ಸ್ ಮಾಡಿಸಬೇಕೇ? ಅವರ ಅರ್ಜಿ ‘ಎಎಡಿಎಸ್‌ಎಎಸ್’ ಎಂಬ ಬೇರೆ ಜಾಲತಾಣದ ಮೂಲಕ ಹೋಗುತ್ತದೆ. ಅಲ್ಲಿ ಪದವಿ ಹಂತದ ಸರಾಸರಿ ಬೇರೆ, ಸ್ನಾತಕೋತ್ತರ ಸರಾಸರಿ ಬೇರೆ. ಎರಡನೆಯದು ಎಷ್ಟೇ ಚೆನ್ನಾಗಿದ್ದರೂ ಮೊದಲನೆಯದು ಕದಲುವುದಿಲ್ಲ. ಸಾವಯವ ರಸಾಯನದಂಥ ಒಂದೆರಡು ವಿಷಯದಲ್ಲಷ್ಟೇ ಸಿ ಬಂದಿದ್ದರೆ ಅವನ್ನೇ ಮತ್ತೆ ಓದಿಸಿ, ಮಾಸ್ಟರ್ಸ್ ಬೇಡ. ನಾಲ್ಕೂ ವರ್ಷ ಇಳಿಜಾರಾಗಿದ್ದರೆ, ವೈದ್ಯಕೀಯ ಅಥವಾ ದಂತ ಕಾಲೇಜಿಗೆ ಅಂಟಿಕೊಂಡ ವಿಜ್ಞಾನದ ಮಾಸ್ಟರ್ಸ್ ಸರಿ. ಬಾಸ್ಟನ್ ವಿಶ್ವವಿದ್ಯಾಲಯದ ಓರಲ್ ಹೆಲ್ತ್ ಸೈನ್ಸಸ್, ರಟ್ಗರ್ಸ್‌ನ ಬಯೋಮೆಡಿಕಲ್ ಸೈನ್ಸಸ್ ಇಂಥವು. ಡ್ಯಾಟ್ ಎಂಬ ದಂತ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ ಕಡಿಮೆ ಇದ್ದರೆ ಅದನ್ನೇ ಮತ್ತೆ ಬರೆಯಲಿ. ಅದಕ್ಕೆ ಯಾವ ಪದವಿಯೂ ಪರ್ಯಾಯವಲ್ಲ. 2025ರ ಮಾರ್ಚ್‌ನಿಂದ ಅದರ ಅಂಕ 200ರಿಂದ 600ರ ಅಳತೆಯಲ್ಲಿ ಬರುತ್ತದೆ, ಹಳೆಯ ಮೂವತ್ತರ ಲೆಕ್ಕದಲ್ಲಿ ಅಣ್ಣನಿಗೂ ತಮ್ಮನಿಗೂ ಹೋಲಿಸಿ ಮನೆಯಲ್ಲಿ ಜಗಳವಾಡಬೇಡಿ.

ಕ್ಯಾಲೆಂಡರ್

ಇದನ್ನು ಬಹಳ ಜನ ಯೋಚಿಸುವುದಿಲ್ಲ. 2026ರ ಆಗಸ್ಟ್‌ನಲ್ಲಿ ಎರಡು ವರ್ಷದ ಪದವಿಗೆ ಸೇರಿದಿರೆಂದುಕೊಳ್ಳಿ. ಪದವಿ ಮುಗಿದ ಕೂಡಲೇ ದಂತ ಕಾಲೇಜು ಸೇರಬೇಕೆಂದರೆ ಅರ್ಜಿ ಹಾಕಬೇಕಾದದ್ದು 2027ರ ವಸಂತ ಅಥವಾ ಬೇಸಿಗೆಯಲ್ಲಿ. ಆಗ ನಿಮ್ಮ ಹೊಸ ಅಂಕಪಟ್ಟಿಯಲ್ಲಿ ಇರುವುದು ಒಂದೋ ಎರಡೋ ಸೆಮಿಸ್ಟರ್. ಅಂದರೆ ಹೊಸ ದೇಶ, ಹೊಸ ಚಳಿ, ಹೊಸ ರೂಮ್‌ಮೇಟ್‌ಗಳ ನಡುವೆ ಓದುವ ಆ ಮೊದಲ ಸೆಮಿಸ್ಟರ್‌ನ ಅಂಕವೇ ನಿಮ್ಮ ಪರವಾಗಿ ಮಾತಾಡಬೇಕು. ಐಎನ್‌ಬಿಡಿಇ ಅದಕ್ಕೂ ಮೊದಲೇ ಮುಗಿದಿದ್ದರೆ ಒಳ್ಳೆಯದು. 500 ಪ್ರಶ್ನೆ, ಎರಡು ದಿನದ ಪರೀಕ್ಷೆ ಅದು. ಸೆಮಿಸ್ಟರ್ ಜೊತೆ ಹೊತ್ತರೆ ಎರಡೂ ಕುಸಿಯುತ್ತವೆ. ಟೋಫೆಲ್ ಅಂಕಕ್ಕೆ ಎರಡೇ ವರ್ಷ ಆಯುಷ್ಯ, ಸ್ನಾತಕೋತ್ತರ ಪ್ರವೇಶಕ್ಕೆಂದು ಬರೆದದ್ದು ಅರ್ಜಿಯ ಹೊತ್ತಿಗೆ ಸತ್ತುಹೋಗಿರಬಹುದು. ಪತ್ರ ಬರೆಯುವವರ ಪರಿಚಯವೂ ಮೊದಲ ಚಳಿಗಾಲ ಮುಗಿಯುವುದರೊಳಗೆ ಆಗಬೇಕು. ನಮ್ಮ ಹುಡುಗಿಯರು ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ಎ ತಂದು ಹೊರಡುತ್ತಾರೆ. ಪ್ರಾಧ್ಯಾಪಕರಿಗೆ ಅವರ ಮುಖವೇ ಗೊತ್ತಿರುವುದಿಲ್ಲ. ಕಚೇರಿ ವೇಳೆಯಲ್ಲಿ ಹೋಗಿ ಬಾಗಿಲು ತಟ್ಟಿ.

ರಾಣೆಬೆನ್ನೂರಿನ ಹುಡುಗಿಗೆ ನಾನು ಹೇಳಿದ್ದು: ಮೂರೂ ಕಡೆಗೆ ಈ ವಾರ ಮಿಂಚಂಚೆ ಬರೆ. ಹಿಂದಿನ ವರ್ಷಗಳಲ್ಲಿ ನಿಮ್ಮಲ್ಲಿ ಓದಿದ ಬಿಡಿಎಸ್ ಪದವೀಧರರು ಎಷ್ಟು, ಅವರಲ್ಲಿ ದಂತ ಕಾಲೇಜು ಸೇರಿದವರು ಎಷ್ಟು ಎಂದು ಕೇಳು. ಅಂಥ ಒಬ್ಬರ ಜೊತೆ ಮಾತಾಡಿಸಿ ಎಂದು ಕೇಳು. ದಂತ ಕಾಲೇಜಿನ ಪ್ರಾಧ್ಯಾಪಕರು ಪಾಠ ಮಾಡುತ್ತಾರೆಯೇ, ಪ್ರ್ಯಾಕ್ಟಿಕಂ ಅಲ್ಲಿ ಮಾಡಬಹುದೇ ಎಂದು ಕೇಳು. ಸೀಟು ಬರದಿದ್ದರೆ ಈ ಪದವಿಯ ಕೆಲಸವನ್ನೇ ಐದು ವರ್ಷ ಮಾಡಬಲ್ಲೆಯಾ ಎಂದು ನಿನ್ನನ್ನು ನೀನು ಕೇಳಿಕೋ.

ಹತ್ತು ದಿನದ ನಂತರ ಮತ್ತೆ ಕರೆ ಮಾಡಿದಳು. ಇಬ್ಬರು ಉತ್ತರಿಸಿದ್ದರು, ಮೂರನೆಯವರು ಪ್ರವೇಶ ಶುಲ್ಕದ ಕೊಂಡಿ ಮಾತ್ರ ಮತ್ತೊಮ್ಮೆ ಕಳಿಸಿದ್ದರು. ಅವಳು ಈ ವರ್ಷ ಎಲ್ಲಿಗೂ ಹಣ ಕಟ್ಟುತ್ತಿಲ್ಲ. ಹಾವೇರಿಯಲ್ಲಿ ಒಂದು ಕ್ಲಿನಿಕ್ ಸೇರಿ ಕೈ ಬಿಡದೆ, ಐಎನ್‌ಬಿಡಿಇಗೆ ಓದುತ್ತಾಳಂತೆ. ಹಾಗಾದರೆ ಒಂದು ಕೆಲಸ ಈಗಲೇ ಮಾಡು ಎಂದೆ. ಬೆಂಗಳೂರಿನ ಜಯನಗರ 4ನೇ ‘ಟಿ’ ಬ್ಲಾಕ್‌ನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗಿ ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲ ವರ್ಷಗಳ ಅಧಿಕೃತ ಅಂಕವಿವರಕ್ಕೆ) ಅರ್ಜಿ ಕೊಡು. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ಅಪ್ಪನನ್ನು ಓಡಾಡಿಸುವ ಕಷ್ಟ ನನಗೆ ಗೊತ್ತು. ಪಾಸ್‌ಪೋರ್ಟ್‌ನಲ್ಲಿರುವ ಹೆಸರೂ ಅಂಕಪಟ್ಟಿಯ ಹೆಸರೂ ಅಕ್ಷರ ಬಿಡದೆ ಒಂದೇ ಇದೆಯೇ ನೋಡು. ಮೊಹರು ಹಾಕಿದ ಲಕೋಟೆ ಐದು ಹೆಚ್ಚಿಗೆ ತೆಗೆದುಕೋ.